ಊರಿಗೆ ಬರುವ ತಮ್ಮ, ಅವನ ಬೆಳೆದ ಮಕ್ಕಳು ಮತ್ತು ನಮ್ಮ ಪಹಣಿ

(ಹೋಬಳಿ ಮಟ್ಟದ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆಯ ವಿಚಾರ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಬೆಲೆಯ ವಿಚಾರವನ್ನೇ ಮಾತಾಡುತ್ತೇನೆ. ಆದರೆ ಮಂಡಿಯಿಂದ ಶುರು ಮಾಡುವುದಿಲ್ಲ, ಮನೆಯ ಪಡಸಾಲೆಯಿಂದ ಶುರು ಮಾಡುತ್ತೇನೆ.

ಇಲ್ಲಿ ಕೂತಿರುವವರಲ್ಲಿ ಯಾರ ಮನೆಯಿಂದ ಒಬ್ಬ ಬೆಂಗಳೂರಿಗೆ ಹೋಗಿಲ್ಲ ಹೇಳಿ? ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸು, ಆಟೋ, ಸೆಕ್ಯುರಿಟಿ ಕೆಲಸ, ಹೀಗೆ ಏನೋ ಒಂದು. ಹೋದವನು ಅಲ್ಲೇ ಹದಿನೈದು ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿ ಕಳೆದ, ಮದುವೆಯಾದ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ. ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ. ಈಗ ಒಂದು ದಿನ ಫೋನು ಮಾಡಿ, "ಅಣ್ಣ, ಇಲ್ಲಿ ಆಗೋದಿಲ್ಲ, ಸಂಸಾರ ಕಟ್ಟಿಕೊಂಡು ಊರಿಗೇ ಬಂದುಬಿಡ್ತೀನಿ" ಅಂತಾನೆ. ಮನೆಯಲ್ಲಿ ಅವ್ವನಿಗೆ ಸಂತೋಷ. ಅಣ್ಣ ಮಾತ್ರ "ಆಯ್ತು ಬಾರಪ್ಪ" ಅಂದು ಫೋನು ಇಟ್ಟು ಸುಮ್ಮನೆ ಕೂರುತ್ತಾನೆ. ಆ ಸುಮ್ಮನಿರುವಿಕೆಯಲ್ಲಿ ಏನಿದೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಬಾಯಿಬಿಟ್ಟು ಆಡೋಣ ಅಂತಲೇ ನಾನು ಇವತ್ತು ನಿಂತಿರುವುದು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದರಲ್ಲ, ಆಗ ಊರಿಗೆ ಬಂದವರು ಬೇರೆ ಲೆಕ್ಕ. ಅವರು ಹೆದರಿ ಬಂದವರು, ಬ್ಯಾಗು ಹಿಡಿದು ಬಂದವರು. ಬಸ್ಸು ಬಿಟ್ಟ ಮೇಲೆ ಬಹಳ ಜನ ವಾಪಸ್ಸು ಹೋದರು. ನಾನು ಹೇಳುತ್ತಿರುವುದು ಆಮೇಲೆ ಬಂದವರ ಮಾತು. ಬೀರು, ಮಂಚ, ಗ್ಯಾಸ್ ಒಲೆ, ಮಕ್ಕಳ ಪುಸ್ತಕದ ಗಂಟು ಎಲ್ಲಾ ಗೂಡ್ಸ್ ಆಟೋಗೆ ಹೇರಿಕೊಂಡು, ಇನ್ನು ಹೋಗೋದಿಲ್ಲ ಅಂತ ಬಂದವರು. ಇವರ ಮಕ್ಕಳು ಸಣ್ಣವರಲ್ಲ. ಹದಿಮೂರು, ಹದಿನಾರು ವಯಸ್ಸು. ಸಣ್ಣ ಮಗುವಾದರೆ ಎಲ್ಲಿ ಇಳಿಸಿದರೂ ಅಲ್ಲೇ ಆಡಿಕೊಳ್ಳುತ್ತದೆ. ಹದಿನಾರರ ಹುಡುಗಿಯನ್ನು ಹಾಗೆ ಇಳಿಸಲಿಕ್ಕೆ ಆಗುವುದಿಲ್ಲ.

ಮೊದಲು ಹೊಟ್ಟೆಯ ಲೆಕ್ಕ ನೋಡೋಣ. ಬರುವವನ ತಲೆಯಲ್ಲಿ ಒಂದು ಮಾತಿರುತ್ತದೆ: "ಊರಲ್ಲಿ ಬಾಡಿಗೆ ಇಲ್ಲ, ಜಮೀನಿದೆ, ಹೇಗೋ ಆಗುತ್ತೆ." ಈ "ಹೇಗೋ" ಎಂಬುದನ್ನು ಸರ್ಕಾರದ ಅಂಕಿಯಲ್ಲೇ ಅಳೆದು ನೋಡಿ. 2025-26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಬೆಳೆಯಲು ತಗಲುವ ಖರ್ಚು 3,257 ರೂಪಾಯಿ ಅಂತ ಅದೇ ಸರ್ಕಾರ ಹೇಳುತ್ತದೆ. ಇದರಲ್ಲಿ ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಸೇರಿದೆ. ಸ್ವಂತ ಭೂಮಿಯ ಗೇಣಿಯನ್ನೂ ಸ್ವಂತ ಸ್ಥಿರ ಬಂಡವಾಳದ ಬಡ್ಡಿಯನ್ನೂ ಸೇರಿಸಿಲ್ಲ. ಸ್ವಾಮಿನಾಥನ್ ಆಯೋಗದ ಮಾತಿನಂತೆ ಪೂರ್ತಿ ಖರ್ಚಿನ ಮೇಲೆ ಅರ್ಧ ಕೊಡಿ ಅಂತ ನಾವು ಕೂಗುತ್ತಿರುವುದು ಇದಕ್ಕೇ; ಆ ವಾದವನ್ನು ಇವತ್ತು ಬಿಡೋಣ. ಅವರ ಲೆಕ್ಕವನ್ನೇ ಒಪ್ಪಿದರೂ ಕ್ವಿಂಟಾಲಿಗೆ ಉಳಿಯುವುದು 1,629 ರೂಪಾಯಿ. ತಮ್ಮನ ಪಾಲಿಗೆ ಎರಡು ಎಕರೆ ಖುಷ್ಕಿ ಬಂತೆನ್ನಿ. ಮಳೆ ಕೈಕೊಡದೆ ಎಕರೆಗೆ ಹತ್ತು ಕ್ವಿಂಟಾಲ್ ಬಂದರೆ ಇಪ್ಪತ್ತು ಕ್ವಿಂಟಾಲು. ವರ್ಷಕ್ಕೆ 32,580 ರೂಪಾಯಿ, ತಿಂಗಳಿಗೆ 2,715. ಗಂಡಹೆಂಡಿರ ಕೂಲಿಯೂ ಮನೆಯಲ್ಲೇ ಉಳಿಯಿತು ಅಂತ ಇದನ್ನು ಎರಡರಷ್ಟು ಮಾಡಿದರೂ ತಿಂಗಳಿಗೆ ಐದೂವರೆ ಸಾವಿರ ಮುಟ್ಟುವುದಿಲ್ಲ. ಅದೂ ಖರೀದಿ ಕೇಂದ್ರದಲ್ಲಿ ಹಾಕಿದರೆ. ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ಕೊಟ್ಟರೆ ಅವನು ಹೇಳಿದ್ದು ರೇಟು.

ಇದು ನಮ್ಮ ಹೋಬಳಿಯ ಹಾಡು ಮಾತ್ರ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ದೇಶದ ರೈತ ಕುಟುಂಬದ ಸರಾಸರಿ ಆದಾಯ ತಿಂಗಳಿಗೆ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ ಸಂಬಳದಿಂದ ಬಂದದ್ದು 4,063. ಅಂದರೆ ರೈತ ಎನಿಸಿಕೊಂಡವನ ಮನೆಯಲ್ಲೇ ಬೆಳೆಗಿಂತ ಕೂಲಿ ಹೆಚ್ಚು. ತಲೆಯ ಮೇಲಿನ ಸಾಲ ಮನೆಯೊಂದಕ್ಕೆ ಸರಾಸರಿ 74,121 ರೂಪಾಯಿ. ಮೊದಲು ಅವನನ್ನು ಊರು ಬಿಡಿಸಿದ್ದು ಇದೇ ಬೆಲೆ. ಆ ಬೆಲೆ ನೆಟ್ಟಗಾಗದೆ ಅವನು ವಾಪಸ್ಸು ಬಂದರೆ ಭೂಮಿ ಅವನ ನಾಲ್ಕು ಹೊಟ್ಟೆ ತುಂಬಿಸುತ್ತದೆ ಅನ್ನುವುದು ಹೇಗೆ?

ಹಾಗಾದರೆ ಬರಬೇಡ ಅನ್ನೋಣವೇ? ಅದು ನನ್ನ ಮಾತಲ್ಲ. ಬರಲಿ. ಭೂಮಿ ಅವನದೂ ಹೌದು. ನಾನು ಹೇಳುವುದಿಷ್ಟೆ: ಬರುವ ಸಂಸಾರ ಭೂಮಿಯೊಂದನ್ನೇ ನಂಬಿ ಬರಬಾರದು. ಒಂದು ಸಂಬಳವನ್ನು ಕೈಯಲ್ಲಿ ಇಟ್ಟುಕೊಂಡು ಬರಬೇಕು, ಮಕ್ಕಳ ಓದಿನ ದುಡ್ಡನ್ನು ಭೂಮಿಯ ದುಡ್ಡಿನೊಂದಿಗೆ ಬೆರೆಸಬಾರದು, ಕಾಗದಪತ್ರ ಮುಗಿಸಿಕೊಂಡು ಆಮೇಲೆ ಸಾಮಾನು ಹೇರಬೇಕು. ಊರಲ್ಲಿರುವ ನಾವು ಇದಕ್ಕೆ ದಾರಿ ಬಿಡಬೇಕು.

ನನ್ನ ದೊಡ್ಡಪ್ಪನ ಮಗನೊಬ್ಬ, ನನಗಿಂತ ಕಿರಿಯ, 2022ರ ಜೂನಿನಲ್ಲಿ ಹೀಗೆ ಬಂದ. ಕೆಲಸ ಮಾಡುತ್ತಿದ್ದ ಸಣ್ಣ ಕಾರ್ಖಾನೆ ಬಾಗಿಲು ಹಾಕಿತ್ತು. ಲೆಕ್ಕ ಚುಕ್ತಾ ಮಾಡಿದ ಮೇಲೆ ಕೈಗೆ ನಾಲ್ಕು ಲಕ್ಷದಷ್ಟು ಬಂದಿತ್ತು. ಮಗಳು ಆಗತಾನೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಮಗ ಎಂಟನೇ ಕ್ಲಾಸು ಮುಗಿಸಿದ್ದ. ಬಂದ ಎರಡೇ ತಿಂಗಳಿಗೆ ಬೋರ್ ಕೊರೆಸಿದ. ಬೇಡ ಕಣೋ, ಒಂದು ಮುಂಗಾರು ನೋಡು ಅಂತ ನಾನೂ ಹೇಳಿದೆ, ಅವನ ಹೆಂಡತಿಯೂ ಹೇಳಿದಳು. ನೀರಿಲ್ಲದ ಹೊಲದಲ್ಲಿ ಏನು ಮಾಡಲಿ ಅಣ್ಣ ಅಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಒಂಬೈನೂರು ಅಡಿಗೆ ಧೂಳು ಬಂತು. ಮೂರು ಲಕ್ಷ ಆ ತೂತಿನಲ್ಲಿ ಹೋಯಿತು. ನಮ್ಮ ಕಡೆ ಇದು ಹೊಸ ಸಂಗತಿಯಲ್ಲ, ನಮ್ಮಲ್ಲಿ ಪ್ರತಿಯೊಬ್ಬರ ಹೊಲದಲ್ಲೂ ಒಂದೆರಡು ಸತ್ತ ಬೋರುಗಳಿವೆ. ಆದರೆ ಹೋದ ದುಡ್ಡು ಯಾವ ದುಡ್ಡು ನೋಡಿ. ಅದು ಆ ಹುಡುಗಿಯ ಪಿಯುಸಿ ಮತ್ತು ಆಮೇಲಿನ ಓದಿನ ದುಡ್ಡು. ಮನೆಯಲ್ಲಿ ಹಾಗಂತ ಯಾರೂ ಹೆಸರಿಟ್ಟಿರಲಿಲ್ಲ. ಹೆಸರಿಡದ ದುಡ್ಡಿಗೆ ಬೋರ್ ಲಾರಿಯೇ ಮೊದಲ ವಾರಸುದಾರ.

ಇನ್ನು ಆ ಹುಡುಗಿಯ ಮಾತು. ಅವಳಿಗೆ ಸೈನ್ಸ್ ಓದುವ ಆಸೆ. ನಮ್ಮ ಹೋಬಳಿ ಕಾಲೇಜಿನಲ್ಲಿ ಆರ್ಟ್ಸು, ಕಾಮರ್ಸು ಮಾತ್ರ. ಸೈನ್ಸಿಗೆ ತಾಲ್ಲೂಕಿಗೆ ಹೋಗಬೇಕು. ಕ್ಲಾಸು ಒಂಬತ್ತಕ್ಕೆ ಶುರು, ನಮ್ಮೂರಿಗೆ ಮೊದಲ ಬಸ್ಸು ಒಂಬತ್ತೂವರೆಗೆ. ಜಗಲಿ ಮೇಲೆ ಕೂತ ಹಿರಿಯರೆಲ್ಲಾ ತೀರ್ಪು ಕೊಟ್ಟರು: ಹೆಣ್ಣುಮಗು, ಹತ್ತಿರದಲ್ಲೇ ಆರ್ಟ್ಸ್ ಓದಲಿ, ಎರಡು ವರ್ಷ ಕಳೆದರೆ ಒಂದು ಸಂಬಂಧ ನೋಡಿದರಾಯಿತು. ಅವಳು ಒಳಗಿನಿಂದ ಬಂದು ನನ್ನ ಕಡೆ ತಿರುಗಿ, "ಊರಿಗೆ ಬರೋವಾಗ ನನ್ನ ಯಾರೂ ಕೇಳಲಿಲ್ಲ ದೊಡ್ಡಪ್ಪ. ಏನು ಓದ್ಲಿ ಅಂತನಾದ್ರೂ ನನ್ನ ಕೇಳಿ" ಅಂದಳು. ಜಗಲಿ ತೆಪ್ಪಗಾಯಿತು. ಬೆಂಗಳೂರು ನೀರು ಕುಡಿದ ನಾಲಗೆ ಅಂತ ಒಬ್ಬರು ಗೊಣಗಿದರು. ನನಗೆ ಅದರಲ್ಲಿ ಅಧಿಕಪ್ರಸಂಗ ಕಾಣಲಿಲ್ಲ. ಎತ್ತು ಕೊಳ್ಳುವಾಗ ನಾಲ್ಕು ಜನರನ್ನು ಕೇಳುವ ನಾವು, ಒಂದು ಮನೆ ಎತ್ತಿ ಇನ್ನೊಂದು ಕಡೆ ಇಡುವಾಗ ಮನೆಯಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರನ್ನು ಕೇಳುವುದಿಲ್ಲ.

ಅವಳ ಅವ್ವ ಸರ ಅಡವಿಟ್ಟು ತಾಲ್ಲೂಕಿನಲ್ಲಿ ಕಾಲೇಜಿಗೂ ಹಾಸ್ಟೆಲಿಗೂ ಸೇರಿಸಿದಳು. ಆಮೇಲೆ ತಾನೂ ತಾಲ್ಲೂಕಿನ ಗಾರ್ಮೆಂಟ್ಸಿಗೆ ಹೋಗಲು ಶುರು ಮಾಡಿದಳು. ಊರು ಆಡಿಕೊಂಡಿತು: ಜಮೀನಿರುವವರ ಮನೆ ಸೊಸೆ ವ್ಯಾನು ಹತ್ತಿ ಕೂಲಿಗೆ ಹೋಗ್ತಾಳೆ ಅಂತ. ಸ್ವಾಮಿ, ಆ ಮನೆ ಮುಂದಿನ ಎರಡು ವರ್ಷ ನಿಂತದ್ದು ಆ ಹೆಂಗಸಿನ ಸಂಬಳದ ಮೇಲೆ, ಎರಡು ಎಕರೆ ರಾಗಿಯ ಮೇಲಲ್ಲ. ನಾನು ಒಂದು ಸಂಬಳ ಕೈಯಲ್ಲಿರಲಿ ಅಂದದ್ದು ಇದಕ್ಕೇ. ಗಂಡಸು ಒಬ್ಬನೇ ಮೊದಲು ಬಂದು ಒಂದು ಮುಂಗಾರು ದುಡಿದು ನೋಡಲಿ, ಅಲ್ಲಿಯವರೆಗೆ ಹೆಂಡತಿ ಮಕ್ಕಳು ಅಲ್ಲೇ ಇರಲಿ. ಅಥವಾ ಅವನೇ ಅಲ್ಲಿ ದುಡಿಯುತ್ತಿರಲಿ, ಇವರು ಬರಲಿ. ಎರಡು ಕಾಲನ್ನೂ ಒಂದೇ ಸಲ ನೀರಿಗೆ ಇಡುವುದು ಬೇಡ.

ಹುಡುಗನ ಕಥೆ ಇನ್ನೂ ಕಷ್ಟದ್ದು. ಅಲ್ಲಿ ಓದಿದ್ದ ಶಾಲೆಯವರು ಫೀಸು ಬಾಕಿ ಅಂತ ಟಿಸಿ ಕೊಡದೆ ಆಗಸ್ಟಿನವರೆಗೆ ಅಲೆಸಿದರು. ಇಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಿದ. ಮಾತಿನ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ವಿಜ್ಞಾನ, ಗಣಿತ ಕನ್ನಡದಲ್ಲಿ. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಅಂದರೆ ಹುಡುಗ ಏನು ಮಾಡಬೇಕು? ಗೊತ್ತಿರುವ ಪಾಠವನ್ನೇ ಗೊತ್ತಿಲ್ಲದ ಹೆಸರಿನಲ್ಲಿ ಕೇಳಿ ದಡ್ಡನಾದ. ಹೊಲದಲ್ಲಿ ಕುಡುಗೋಲು ಹಿಡಿಯಲು ಬರುವುದಿಲ್ಲ ಅಂತ ಅಲ್ಲೂ ನಗೆಪಾಟಲು. ಎರಡು ಕಡೆಯೂ ದಡ್ಡನಾದ ಹದಿನಾಲ್ಕರ ಹುಡುಗ ಮೂರನೇ ಕಡೆ ಹುಡುಕಿಕೊಳ್ಳುತ್ತಾನೆ. ಇವನು ಟ್ರ್ಯಾಕ್ಟರ್ ಹಿಂದೆ ಬಿದ್ದ. ಟ್ರೈಲರಿನಲ್ಲಿ ಮಣ್ಣು ಹೊಡೆಯುವವರ ಜೊತೆ ಓಡಾಡಿ ದಿನಕ್ಕೆ ಮುನ್ನೂರು ರೂಪಾಯಿ ತಂದ. ದುಡ್ಡು ಕಂಡ ಅಪ್ಪನೂ ಸುಮ್ಮನಾದ. ಮನೆಯಲ್ಲಿ ಸಾಲವಿದ್ದಾಗ ಮಗ ತರುವ ಮುನ್ನೂರು ರೂಪಾಯಿ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದು ನಿಮಗೆ ಹೇಳಬೇಕಾಗಿಲ್ಲ. ಕೊನೆಗೆ ಹೈಸ್ಕೂಲಿನ ಮೇಡಂ ಒಬ್ಬರು ಮನೆಗೇ ಬಂದು, ಸಂಜೆ ಅವನನ್ನು ಕೂರಿಸಿಕೊಂಡು, ಕನ್ನಡ ಪದದ ಎದುರಿಗೆ ಅವನಿಗೆ ಗೊತ್ತಿದ್ದ ಇಂಗ್ಲಿಷ್ ಪದ ಬರೆಸಿದರು. ಹತ್ತನೇ ಕ್ಲಾಸು ಕಷ್ಟದಲ್ಲಿ ಪಾಸಾದ. ಈಗ ಐಟಿಐ ಓದುತ್ತಿದ್ದಾನೆ. ಎಲ್ಲಾ ಹುಡುಗರಿಗೂ ಅಂಥ ಮೇಡಂ ಸಿಗುವುದಿಲ್ಲವಲ್ಲ. ಆದುದರಿಂದ ಒಂಬತ್ತು, ಹತ್ತನೇ ಕ್ಲಾಸಿನ ನಡುವೆ ಮಕ್ಕಳನ್ನು ಎತ್ತಿ ತರಬೇಡಿ ಎಂದು ನಿಮ್ಮ ತಮ್ಮಂದಿರಿಗೆ ಹೇಳಿ. ತರಲೇಬೇಕಾದರೆ ಏಳು ಮುಗಿದಾಗ ತನ್ನಿ, ಇಲ್ಲವೆ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತನ್ನಿ.

ಇನ್ನೊಂದು ತಪ್ಪು ತಿಳುವಳಿಕೆ ಊರಲ್ಲೆಲ್ಲಾ ಹಬ್ಬಿದೆ. ಹಳ್ಳಿಗೆ ಬಂದರೆ ಮಕ್ಕಳಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಸಿಗುತ್ತದೆ ಎಂಬುದು. ಸಿಗುವುದಿಲ್ಲ. ಆ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ ಹತ್ತು ವರ್ಷದ ಲೆಕ್ಕ. ಎಂಟನೇ ಕ್ಲಾಸಿಗೆ ಬಂದವರಿಗೆ ಎರಡೂ ಇಲ್ಲ. (ಇದು ನಿಮಗೂ ಪಾಠ: ಐದನೇ ಕ್ಲಾಸಿಗೇ ಮಗನನ್ನು ಪಟ್ಟಣದ ಕಾನ್ವೆಂಟಿಗೆ ಸಾಗಿಸುವ ಮುಂಚೆ ಏನು ಕಳೆದುಕೊಳ್ಳುತ್ತೇವೆಂದು ನೋಡಿಕೊಳ್ಳಿ.) ಕೃಷಿ ವಿಶ್ವವಿದ್ಯಾನಿಲಯದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಆ ಹುಡುಗಿ ಇದಕ್ಕೆ ಹಾಕಬೇಕೆಂದು ಹೊರಟಳು. ಅಪ್ಪ ಕೃಷಿಕ ಎಂಬ ಪ್ರಮಾಣಪತ್ರ ಬೇಕು. ಪಹಣಿ ನೋಡಿದರೆ ತೀರಿಹೋಗಿ ಹನ್ನೊಂದು ವರ್ಷವಾದ ನನ್ನ ದೊಡ್ಡಪ್ಪನ ಹೆಸರಿನಲ್ಲೇ ಇದೆ. ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ತಿರುಗಿ ತಿರುಗಿ ಚಪ್ಪಲಿ ಸವೆಯಿತು, ಆ ವರ್ಷದ ದಿನಾಂಕ ಮುಗಿದುಹೋಯಿತು.

ಇಲ್ಲಿಗೆ ಅಸಲು ಮಾತಿಗೆ ಬಂದೆವು. ಪಹಣಿ. ನಮ್ಮಲ್ಲಿ ಎಷ್ಟು ಜನರ ಪಹಣಿ ಇವತ್ತಿಗೂ ಸತ್ತವರ ಹೆಸರಿನಲ್ಲಿದೆ? ಕೈ ಎತ್ತಬೇಡಿ, ಅರ್ಧ ಸಭೆ ಎತ್ತಬೇಕಾಗುತ್ತದೆ. ಸರ್ಕಾರವೇ ಪೌತಿ ಖಾತೆ ಆಂದೋಲನ ಅಂತ ಮಾಡಬೇಕಾಗಿ ಬಂತು. ಅಣ್ಣ ಊರಲ್ಲಿದ್ದು ಉಳುತ್ತಿದ್ದಾಗ ಇದು ಯಾರಿಗೂ ತೊಡಕಾಗಿರಲಿಲ್ಲ. ತಮ್ಮ ಬಂದು ತನ್ನ ಪಾಲಲ್ಲಿ ಬೇರೆ ಉಳಲು ನಿಂತ ದಿನ ಎಲ್ಲಾ ತೊಡಕು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಫ್ರೂಟ್ಸ್ ಸಂಖ್ಯೆ ಆಗುವುದಿಲ್ಲ. ಆ ಸಂಖ್ಯೆ ಇಲ್ಲದೆ ರಾಗಿ ಖರೀದಿ ಕೇಂದ್ರದಲ್ಲಿ ನೋಂದಣಿ ಇಲ್ಲ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲವೂ ಅವನ ಪಾಲಿಗೆ ಇಲ್ಲ. ಆಮೇಲೆ ಅವನು ಹೋಗುವುದು ವಾರದ ಕಂತಿನ ಮೈಕ್ರೋಫೈನಾನ್ಸಿಗೆ, ಇಲ್ಲವೇ ಊರ ಕೈಸಾಲಕ್ಕೆ. ವಸೂಲಿಯವರ ಕಾಟ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅದೇ ಹೊಲ, ಅದೇ ರಾಗಿ. ಹೆಸರಿಲ್ಲದ ಒಂದೇ ಕಾರಣಕ್ಕೆ ಅಣ್ಣನಿಗೆ ಬಡ್ಡಿಯಿಲ್ಲದ ಸಾಲ, ತಮ್ಮನಿಗೆ ಮೀಟರ್ ಬಡ್ಡಿ.

ಪಾಲು ಮಾಡುವಾಗ ಇನ್ನೊಂದು ಮಾತು ನೆನಪಿರಲಿ. ಇಬ್ಬರು ಅಣ್ಣತಮ್ಮ, ಅರ್ಧ ಅರ್ಧ ಅಂತ ಹೇಳುವ ಕಾಲ ಮುಗಿಯಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ಆದರೆ ಅಂದು ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಇಡೀ ದೇಶಕ್ಕೆ 2005ರಲ್ಲಿ ಬಂತು, ಮದುವೆಯಾದವರಿಗೂ ಸೇರಿ. ಆ ದಿನ ಅಪ್ಪ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಇತ್ಯರ್ಥ ಮಾಡಿತು. ಅವ್ವ ಇದ್ದರೆ ಅವಳಿಗೂ ಬರುತ್ತದೆ. ಆರು ಎಕರೆಯಲ್ಲಿ ನನಗೆ ಮೂರು ಅಂತ ಎಣಿಸಿಕೊಂಡು ಬರುವ ತಮ್ಮನಿಗೆ, ಒಬ್ಬ ತಂಗಿಯೂ ಇದ್ದಾಗ, ಎರಡು ಎಕರೆಯೂ ಪೂರ್ತಿ ಬರಲಿಕ್ಕಿಲ್ಲ. ಇದನ್ನು ಅವನು ಬೆಂಗಳೂರಿನಲ್ಲಿ ಕೆಲಸ ಬಿಡುವ ಮುಂಚೆ ತಿಳಿಯಬೇಕೋ, ಸಾಮಾನು ಇಳಿಸಿದ ಮೇಲೆ ಜಗಳದಲ್ಲಿ ತಿಳಿಯಬೇಕೋ? ತಂಗಿ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ, ಅದೂ ಬರವಣಿಗೆಯಲ್ಲಿ ನೋಂದಣಿಯಾಗಲಿ. ಅರಿಶಿನ ಕುಂಕುಮಕ್ಕೆ ಅಂತ ಸೀರೆ ಕೊಟ್ಟು ಸಹಿ ಹಾಕಿಸಿಕೊಂಡು ಆಮೇಲೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವರನ್ನು ನೋಡಿದ್ದೇವೆ.

ಆದುದರಿಂದ ಅಣ್ಣಂದಿರೇ, ತಮ್ಮ ಬರುತ್ತೇನೆ ಅಂದ ವಾರದಲ್ಲೇ ಅವನನ್ನು ಒಂದು ದಿನದ ಮಟ್ಟಿಗೆ ಕರೆಸಿ. ತಂಗಿಯನ್ನೂ ಅವ್ವನನ್ನೂ ಕೂರಿಸಿ. ಪೌತಿ ಖಾತೆಗೆ ಅರ್ಜಿ ಹಾಕಿ, ಸರ್ವೆ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಣಿ ಮಾಡಿಸಿ. ಹೊಲದ ಮೇಲೆ ಇರುವ ಸಾಲ ಎಷ್ಟು, ಯಾವುದು ಅಪ್ಪನ ಕಾಲದ್ದು, ಯಾವುದು ನಿಮ್ಮ ಮಗಳ ಮದುವೆಗೆ ಮಾಡಿದ್ದು, ಎಲ್ಲಾ ಒಂದು ಹಾಳೆಯಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ ಅವನು ಮಾಡಿರುವ ಸಾಲವನ್ನೂ ಅವನು ಬರೆಯಲಿ. ಆ ಹಾಳೆ ಓದುವಾಗ ದೊಡ್ಡ ಮಕ್ಕಳೂ ಅಲ್ಲೇ ಕೂತಿರಲಿ. ಮಕ್ಕಳ ಮುಂದೆ ಸಾಲದ ಮಾತು ಆಡಬಾರದು ಅಂತೀರಿ. ಹದಿನಾರರ ಹುಡುಗಿಗೆ ಮನೆಯ ಸಾಲ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗೋಡೆಯ ಆ ಕಡೆ ಮಲಗಿ ಕೇಳಿಸಿಕೊಂಡಿರುತ್ತಾಳೆ. ಅಂಕಿ ಗೊತ್ತಿರುವುದಿಲ್ಲ, ಹೆದರಿಕೆ ಗೊತ್ತಿರುತ್ತದೆ. ಅಂಕಿ ಹೇಳಿದರೆ ಅವಳೇ ಎಷ್ಟೋ ಸಲ ನಿಮಗಿಂತ ಚೆನ್ನಾಗಿ ಕೂಡಿ ಕಳೆಯುತ್ತಾಳೆ.

ಕಾಗದ ಬೇಗ ಮಾಡಿ ಎನ್ನಲು ಇನ್ನೂ ಒಂದು ಕಾರಣವಿದೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ರೈತನಲ್ಲದವನೂ, ಎಷ್ಟೇ ವರಮಾನವಿದ್ದವನೂ ಹೊಲ ಕೊಳ್ಳಬಹುದಾಯಿತು. ಪಟ್ಟಣದಿಂದ ಬಂದವನ ಬಾಗಿಲಿಗೆ ನೆಂಟರಿಗಿಂತ ಮುಂಚೆ ಬ್ರೋಕರ್ ಬರುತ್ತಾನೆ. ಇವನಿಗೆ ಸಾಲವಿದೆ, ಕೆಲಸ ಬರುವುದಿಲ್ಲ, ಹೆಂಡತಿ ಮಕ್ಕಳಿಗೆ ಊರು ಒಗ್ಗಿಲ್ಲ ಎಂಬುದು ಅವನಿಗೆ ಮೊದಲೇ ಗೊತ್ತು. ನಿಮ್ಮ ಹೊಲದ ಪಕ್ಕಕ್ಕೆ ತಂತಿಬೇಲಿಯೂ ಗೇಟೂ ಬಂದು, ನಿಮ್ಮ ಗಾಡಿಜಾಡು ಮುಚ್ಚುವುದು ಹೀಗೆ. ತಮ್ಮ ಊರಲ್ಲಿ ನಿಲ್ಲದಿದ್ದರೆ ನನಗೇನು ಅನ್ನುವ ಅಣ್ಣ, ಅವನ ಎರಡು ಎಕರೆಗೆ ನಾಳೆ ಯಾರು ಬರುತ್ತಾರೆಂದು ಯೋಚಿಸಲಿ.

ಅವನ ಮಕ್ಕಳ ಬಗ್ಗೆ ಇನ್ನೊಂದೇ ಮಾತು. ಊರ ಹುಡುಗರು ಅವರನ್ನು ಬೆಂಗಳೂರು ಪಾರ್ಟಿ ಅಂತ ಕರೆದು ದೂರ ಇಡುತ್ತಾರೆ. ಆ ಹುಡುಗಿ ಪ್ಯಾಂಟು ಹಾಕಿದಳೆಂದು, ಫೋನು ಹಿಡಿದಳೆಂದು ಮಾತು ಏಳುತ್ತದೆ. ಮಾತು ಎದ್ದ ಮೇಲೆ ಹೆದರಿದ ಅಪ್ಪ ಹದಿನೇಳಕ್ಕೇ ಗಂಡು ನೋಡುತ್ತಾನೆ. ಹದಿನೆಂಟು ತುಂಬದ ಮದುವೆ ನಮ್ಮ ರಾಜ್ಯದಲ್ಲಿ ಅಪರಾಧ ಮಾತ್ರವಲ್ಲ, ಅದು ಮದುವೆಯೇ ಅಲ್ಲ ಎಂಬ ತಿದ್ದುಪಡಿಯೂ ಆಗಿದೆ. ಕಾನೂನು ಪೊಲೀಸರ ಕೈಯಲ್ಲಿದೆ, ಬಾಯಿ ನಮ್ಮ ಕೈಯಲ್ಲಿದೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿ, ಅವಳನ್ನು ನೀರಿಗೂ ಹೊಲಕ್ಕೂ ಜಾತ್ರೆಗೂ ಜೊತೆ ಕರೆದುಕೊಂಡು ಹೋಗಲಿ.

ಈಗ ಬಸ್ಸಿನ ಮಾತು ಆಡಿ ಮುಗಿಸುತ್ತೇನೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಬಿಟ್ಟಿ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಬಿಟ್ಟಿ ಟಿಕೆಟ್ಟಿನಿಂದ ಏನು ಪ್ರಯೋಜನ? ಬೆಳಿಗ್ಗೆ ಏಳೂವರೆಗೆ ನಮ್ಮ ನಾಲ್ಕು ಊರು ಬಳಸಿ ತಾಲ್ಲೂಕಿಗೆ ಒಂದು ಬಸ್ಸು, ಸಂಜೆ ಐದಕ್ಕೆ ವಾಪಸ್ಸು ಒಂದು, ಇಷ್ಟನ್ನು ಕೇಳಿ ಡಿಪೋ ಮ್ಯಾನೇಜರರಿಗೆ ಅರ್ಜಿ ಬರೆದಿದ್ದೇವೆ. ಮೇಜಿನ ಮೇಲಿದೆ. ಮಕ್ಕಳು ಯಾವ ಕ್ಲಾಸು, ಯಾವ ಕಾಲೇಜು ಅಂತ ಹೆಸರಿನ ಮುಂದೆ ಬರೆದು ಸಹಿ ಹಾಕಿ. ಊರಿಗೆ ಬರಲಿರುವ ತಮ್ಮಂದಿರ ಮಕ್ಕಳನ್ನೂ ಸೇರಿಸಿ ಎಣಿಸಿ. ಸೋಮವಾರ ಹತ್ತು ಗಂಟೆಗೆ ಡಿಪೋ ಹತ್ತಿರ ಸೇರೋಣ, ಆ ಮಕ್ಕಳನ್ನೂ ಕರೆದುಕೊಂಡೇ ಬನ್ನಿ.